ಬಾಲ ಕರಗುವ ಹೊತ್ತು

ಮುಂಗಾರು ಹಿಡಿದು ಹದಿನೈದು ದಿನವಾಗಿರುತ್ತದೆ. ಗದ್ದೆಯ ಬದುವಿನ ಪಕ್ಕ, ರಸ್ತೆಯಂಚಿನ ಗುಂಡಿಯಲ್ಲಿ, ಹಿತ್ತಲಿಗೆ ಎಸೆದ ಒರಳುಕಲ್ಲಿನ ಕುಳಿಯಲ್ಲೂ ನೀರು ನಿಂತಿರುತ್ತದೆ. ಬಗ್ಗಿ ನೋಡಿದರೆ ಕಪ್ಪು ಚುಕ್ಕೆಗಳು ಬಾಲ ಆಡಿಸುತ್ತ ಓಡಾಡುತ್ತವೆ. ಶಾಲೆಗೆ ಹೊರಟ ಮಕ್ಕಳು ಮೀನಿನ ಮರಿಯೆಂದುಕೊಂಡು ಅವನ್ನು ಬೊಗಸೆಯಲ್ಲಿ ಎತ್ತಿ ಬಾಟಲಿಗೆ ಬಿಟ್ಟುಕೊಳ್ಳುತ್ತಾರೆ. ಒಂದು ದಿನ ಬೆಳಗ್ಗೆ ಎದ್ದು ನೋಡಿದರೆ ಆ ಮೀನಿಗೆ ಎರಡು ಹಿಂಗಾಲು! ಬಾಟಲಿ ಹಿಡಿದುಕೊಂಡು ಹುಡುಗಿ ಅಮ್ಮನ ಹತ್ತಿರ ಓಡುತ್ತಾಳೆ.

ಅದೇ ಮಳೆಗಾಲದ ಸಂಜೆ ಮಲೆನಾಡಿನ ಕಾಫಿ ತೋಟದಲ್ಲಿ ನಿಂತರೆ ಕಿವಿಯ ತುಂಬ ಟಿಕ್ ಟಿಕ್ ಎನ್ನುವ ಸದ್ದು. ಗಿಡದ ಎಲೆಯ ಮೇಲೆ ಹೆಬ್ಬೆರಳ ಉಗುರಿಗಿಂತ ತುಸು ದೊಡ್ಡದಾದ ಕಪ್ಪೆ ಗಂಟಲು ಉಬ್ಬಿಸಿ ಕೂತಿರುತ್ತದೆ. ಈ ಕಪ್ಪೆ ಎಂದೂ ಯಾವ ಗುಂಡಿಯಲ್ಲೂ ಈಜಿದ್ದಲ್ಲ. ತರಗೆಲೆಯ ನಡುವೆಯೋ ಎಲೆಯ ಮೇಲೋ ಇಟ್ಟ ಮೊಟ್ಟೆಯೊಡೆದು ಹೊರಬರುವಾಗಲೇ ಅದಕ್ಕೆ ನಾಲ್ಕು ಕಾಲು.

ಶಾಲೆಯ ಪುಸ್ತಕದಲ್ಲಿ ನಾವೆಲ್ಲ ನೋಡಿದ ಚಿತ್ರದಲ್ಲಿ ಮೊಟ್ಟೆ, ಗೊದಮೊಟ್ಟೆ, ಕಪ್ಪೆ ಎಂದು ಬಾಣದ ಗುರುತು ಹಾಕಿದ ಒಂದು ಸುತ್ತು ಇರುತ್ತದೆ. ಆ ಬಾಣವನ್ನು ದೂಡುವುದು ಒಂದು ಹಾರ್ಮೋನು. ಆ ಬಾಣವನ್ನು ಹಿಗ್ಗಿಸಿ, ಕುಗ್ಗಿಸಿ, ಕೆಲವೊಮ್ಮೆ ಅಳಿಸಿಯೇ ಹಾಕಿ ಪ್ರಕೃತಿ ಎಷ್ಟು ಬಗೆಯ ಪ್ರಾಣಿಗಳನ್ನು ಮಾಡಿದೆ ಎಂಬುದು ಆ ಚಿತ್ರದಲ್ಲಿ ಕಾಣುವುದಿಲ್ಲ.

ಗೊದಮೊಟ್ಟೆಗೆ ಥೈರಾಯ್ಡ್ ಊಟ

1912ರಲ್ಲಿ ಗುಡರ್ನಾಟ್ಶ್ ಎಂಬ ವಿಜ್ಞಾನಿ ಒಂದು ವಿಚಿತ್ರ ಪ್ರಯೋಗದ ವರದಿ ಪ್ರಕಟಿಸಿದರು. ಪ್ರಾಣಿಗಳ ಬೇರೆ ಬೇರೆ ಅಂಗಗಳನ್ನು ಅವರು ಗೊದಮೊಟ್ಟೆಗಳಿಗೆ ತಿನ್ನಿಸಿ ನೋಡಿದ್ದರು. ಕುದುರೆಯ ಥೈರಾಯ್ಡ್ ಗ್ರಂಥಿ ತಿಂದ ಗೊದಮೊಟ್ಟೆಗಳು ಬೆಳೆಯುವುದನ್ನು ಅಲ್ಲಿಗೇ ಬಿಟ್ಟು ಅವಸರವಸರವಾಗಿ ಕಪ್ಪೆಗಳಾದವು. ಇನ್ನೂ ಹಲವು ವಾರ ನೀರಿನಲ್ಲಿರಬೇಕಾದವು ಪುಟಾಣಿ ಕಪ್ಪೆಗಳಾಗಿ ದಡಕ್ಕೆ ಬಂದುಬಿಟ್ಟವು.

ನಾಲ್ಕು ವರ್ಷಗಳ ಬಳಿಕ ಅಮೆರಿಕದ ಬೆನೆಟ್ ಆಲೆನ್ ಇದನ್ನೇ ತಿರುವುಮುರುವು ಮಾಡಿದರು. ಎಳೆಯ ಗೊದಮೊಟ್ಟೆಗಳ ಥೈರಾಯ್ಡ್ ಗ್ರಂಥಿಯನ್ನೇ ತೆಗೆದುಹಾಕಿದರು. ಅವು ಕಪ್ಪೆಯಾಗಲೇ ಇಲ್ಲ. ತಿಂದು ತಿಂದು ದೈತ್ಯ ಗೊದಮೊಟ್ಟೆಗಳಾಗಿ ನೀರಿನಲ್ಲೇ ಉಳಿದವು.

ಈ ಎರಡರ ನಡುವೆ, 1914ರ ಕ್ರಿಸ್‌ಮಸ್ ದಿನ, ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಕೆಂಡಾಲ್ ಈ ಗ್ರಂಥಿಯ ಸಾರವನ್ನು ಶುದ್ಧ ಹರಳಾಗಿ ಬೇರ್ಪಡಿಸಿದ್ದರು. ಅದೇ ಥೈರಾಕ್ಸಿನ್. ಅದರ ಒಂದೊಂದು ಅಣುವಿನಲ್ಲೂ ನಾಲ್ಕು ಅಯೋಡಿನ್ ಪರಮಾಣುಗಳಿವೆ. ಜೀವಕೋಶದ ಬಳಿ ಅದರಲ್ಲೊಂದು ಕಳಚಿ ಮೂರು ಉಳಿದರೆ ಅದು ಇನ್ನಷ್ಟು ಚುರುಕು. ಆಸ್ಪತ್ರೆಯ ರಕ್ತಪರೀಕ್ಷೆಯ ಚೀಟಿಯಲ್ಲಿ ಟಿ4, ಟಿ3 ಎಂದು ಬರೆದಿರುತ್ತದಲ್ಲ, ಅವೇ ಇವು. ಗೊದಮೊಟ್ಟೆಯ ಮೈಯಲ್ಲಿರುವುದಕ್ಕೂ ನಮ್ಮ ಮೈಯಲ್ಲಿರುವುದಕ್ಕೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಕುದುರೆಯ ಗ್ರಂಥಿ ಗೊದಮೊಟ್ಟೆಯನ್ನು ಕಪ್ಪೆಯಾಗಿಸಿದ್ದು ಅದಕ್ಕೇ.

ಒಂದೇ ಡಂಗುರ, ಮನೆಗೊಂದು ಕೆಲಸ

ಹಾರ್ಮೋನು ಎಂದರೆ ನಾಳವಿಲ್ಲದ ಗ್ರಂಥಿಗಳು ನೇರವಾಗಿ ರಕ್ತಕ್ಕೆ ಬಿಡುವ ರಾಸಾಯನಿಕ. ರಕ್ತ ಹರಿಯುವಲ್ಲೆಲ್ಲ ಅದೂ ಹೋಗುತ್ತದೆ. ಊರಿನಲ್ಲಿ ಹಿಂದೆ ಡಂಗುರ ಸಾರುತ್ತಿದ್ದುದನ್ನು ನೆನೆಸಿಕೊಳ್ಳಿ. ‘ನಾಳಿದ್ದು ತೇರು’ ಎಂಬ ಒಂದೇ ಮಾತು ಎಲ್ಲ ಬೀದಿಗೂ ಕೇಳಿಸುತ್ತದೆ. ಕುಂಬಾರ ಮಡಕೆಗೆ ಕೂರುತ್ತಾನೆ, ಹೂಗಾರ ತೋಟಕ್ಕೆ ಹೋಗುತ್ತಾನೆ, ಮನೆಯಲ್ಲಿ ಅಜ್ಜಿ ಅಕ್ಕಿ ನೆನೆಹಾಕುತ್ತಾಳೆ. ಯಾರು ಏನು ಮಾಡಬೇಕೆಂದು ಡಂಗುರದವನು ಹೇಳಿರುವುದಿಲ್ಲ.

ಗೊದಮೊಟ್ಟೆಯ ಮೈಯಲ್ಲೂ ಹೀಗೆಯೇ. ಥೈರಾಯ್ಡ್ ಹಾರ್ಮೋನು ಹರಡಿದೊಡನೆ ಕಾಲು ಬೆಳೆಯುತ್ತದೆ, ಬಾಲ ಕರಗುತ್ತದೆ. ಪಾಚಿ ಅರಗಿಸಲು ಬೇಕಿದ್ದ ಸುರುಳಿ ಸುರುಳಿ ಕರುಳು ಹುಳ ತಿನ್ನುವ ಬಾಯಿಗೆ ತಕ್ಕಂತೆ ಮೋಟಾಗುತ್ತದೆ. ಕಿವಿರು ಹೋಗಿ ಉಸಿರಾಟವೆಲ್ಲ ಶ್ವಾಸಕೋಶಕ್ಕೂ ಚರ್ಮಕ್ಕೂ ಬರುತ್ತದೆ. ರಕ್ತದ ಹಿಮೋಗ್ಲೋಬಿನ್ ಕೂಡ ಬೇರೆಯದಾಗುತ್ತದೆ. ಒಂದೇ ಅಣು ಒಂದು ಕಡೆ ಕಟ್ಟುತ್ತದೆ, ಇನ್ನೊಂದು ಕಡೆ ಕೆಡವುತ್ತದೆ.

1933ರಲ್ಲಿ ವಿಜ್ಞಾನಿಯೊಬ್ಬರು ಗೊದಮೊಟ್ಟೆಯ ಬಾಲಕ್ಕೆ ಒಂದು ಕಣ್ಣನ್ನು ಕಸಿ ಮಾಡಿದರು. ರೂಪ ಬದಲಾಗುವ ಕಾಲ ಬಂತು. ಬಾಲ ಕರಗುತ್ತ ಕರಗುತ್ತ ಗಿಡ್ಡವಾಯಿತು, ಅದರ ಮೇಲಿದ್ದ ಕಣ್ಣು ಮಾತ್ರ ಕರಗಲಿಲ್ಲ. ಕೊನೆಗೆ ಆ ಕಣ್ಣು ಕಪ್ಪೆಯ ಬೆನ್ನಿನ ಬುಡದಲ್ಲಿ ಉಳಿದುಕೊಂಡಿತು. ಈ ಇಡೀ ವಿಷಯವನ್ನು ಇಷ್ಟು ಸರಳವಾಗಿ ತೋರಿಸಿದ ಪ್ರಯೋಗ ಇನ್ನೊಂದಿಲ್ಲ ಎಂಬುದು ನನ್ನ ಅನಿಸಿಕೆ. ಸುತ್ತಮುತ್ತ ಎಲ್ಲವೂ ಕರಗುತ್ತಿರುವಾಗ, ಅದೇ ಹಾರ್ಮೋನು ಹರಿದರೂ ಕಣ್ಣು ತಾನು ಕಣ್ಣೆಂಬುದನ್ನು ಮರೆಯಲಿಲ್ಲ.

ಇದರ ಗುಟ್ಟು ಜೀವಕೋಶದೊಳಗಿನ ಗ್ರಾಹಕಗಳಲ್ಲಿದೆ. ಇವು ಡಿಎನ್‌ಎ ಮೇಲೆ ಕೂತ ಪ್ರೋಟೀನುಗಳು. ಹಾರ್ಮೋನು ಬರುವ ತನಕ ಇವು ಕೆಲವು ಜೀನ್‌ಗಳನ್ನು ಅದುಮಿಟ್ಟಿರುತ್ತವೆ, ಬಂದು ಅಂಟಿಕೊಂಡ ಕೂಡಲೇ ಸಡಿಲ ಬಿಡುತ್ತವೆ. ಯಾವ ಅಂಗದಲ್ಲಿ ಎಷ್ಟು ಗ್ರಾಹಕಗಳಿವೆ, ಅಲ್ಲಿ ಟಿ4 ಅನ್ನು ಟಿ3 ಮಾಡುವ ಕಿಣ್ವ ಹೆಚ್ಚೋ, ಹಾರ್ಮೋನನ್ನು ಕೆಡಿಸಿ ಸುಮ್ಮನಾಗಿಸುವ ಕಿಣ್ವ ಹೆಚ್ಚೋ ಎಂಬುದರ ಮೇಲೆ ಆ ಅಂಗದ ಸರದಿ ತೀರ್ಮಾನವಾಗುತ್ತದೆ. ಕಾಲಿಗೆ ಅಲ್ಪ ಹಾರ್ಮೋನೇ ಸಾಕು, ಅದು ಮೊದಲು ಏಳುತ್ತದೆ. ಬಾಲಕ್ಕೆ ಬಹಳ ಬೇಕು, ಅದರದು ಕೊನೆಯ ಸರದಿ. ಕಾಲು ಬರುವ ಮೊದಲೇ ಬಾಲ ಹೋದರೆ ಗೊದಮೊಟ್ಟೆ ಈಜಲೂ ಆಗದೆ, ಕುಪ್ಪಳಿಸಲೂ ಆಗದೆ ಸಾಯುತ್ತಿತ್ತು.

ಜೀವವಿಕಾಸಕ್ಕೆ ಬಾಗಿಲು ತೆರೆಯುವುದು ಇಲ್ಲಿ. ಹಾರ್ಮೋನಿನ ಅಣುವನ್ನೇ ಬದಲಿಸಹೊರಟರೆ ಅದನ್ನು ನಂಬಿದ ನೂರು ಕೆಲಸಗಳು ಒಟ್ಟಿಗೆ ಕೆಡುತ್ತವೆ. ಆದರೆ ಗ್ರಂಥಿ ಯಾವಾಗ ಶುರುಮಾಡಬೇಕು, ಎಷ್ಟು ಸುರಿಸಬೇಕು, ಯಾವ ಅಂಗ ಎಷ್ಟು ಚುರುಕಾಗಿ ಕೇಳಬೇಕು ಎಂಬ ಹಂತಗಳಲ್ಲಿ ಹುಟ್ಟಿನಿಂದ ಬಂದ ಸಣ್ಣ ಏರುಪೇರು ಇರಬಹುದು. ಅದು ಬದುಕಿಗೆ ಅನುಕೂಲವಾದರೆ ಮರಿಗಳಲ್ಲಿ ಮುಂದುವರಿಯುತ್ತದೆ. ವಿಕಾಸವಾದದ್ದು ಹಾರ್ಮೋನುಗಳಿಗಿಂತ ಹೆಚ್ಚಾಗಿ ಅವುಗಳ ಬಳಕೆ ಎಂದು ಬ್ರಿಟನ್ನಿನ ಜೀವವಿಜ್ಞಾನಿ ಪೀಟರ್ ಮೆಡಾವರ್ 1953ರಲ್ಲೇ ಗುರುತಿಸಿದ್ದರು.

ಪ್ರಾಯಕ್ಕೆ ಬಂದರೂ ಮರಿ

1864ರಲ್ಲಿ ಮೆಕ್ಸಿಕೊದಿಂದ ಪ್ಯಾರಿಸ್ಸಿಗೆ 34 ಜಲಚರಗಳು ಬಂದವು. ಹೆಸರು ಆಕ್ಸೊಲಾಟ್ಲ್. ಕತ್ತಿನ ಎರಡೂ ಬದಿಗೆ ಗರಿಯಂಥ ಕಿವಿರು, ಈಜಲು ಬಾಲ. ನೋಡಿದರೆ ಕಪ್ಪೆಯ ನೆಂಟನಾದ ಸಲಮಾಂಡರಿನ ಮರಿ. ಆದರೆ ಈ ಮರಿಗಳು ಮೊಟ್ಟೆ ಇಟ್ಟವು! ಒಗಟು ಅಲ್ಲಿಗೂ ನಿಲ್ಲಲಿಲ್ಲ. ಮರುವರ್ಷ ಅವುಗಳ ಸಂತಾನದಲ್ಲಿ ಕೆಲವು ಕಿವಿರು ಕಳಚಿಕೊಂಡು ನೆಲದ ಸಲಮಾಂಡರುಗಳಾದವು. ಆಗಸ್ಟ್ ಡ್ಯೂಮೆರಿಲ್ ಎಂಬ ಪ್ರಾಣಿಶಾಸ್ತ್ರಜ್ಞ ತಮ್ಮ ಕಣ್ಣನ್ನೇ ನಂಬಲಾರದೆ ಹೋದರು.

ಇದರ ಕೀಲಿಕೈ ಸಿಗಲು ಅರ್ಧ ಶತಮಾನ ಬೇಕಾಯಿತು. 1920ರಲ್ಲಿ ಜೂಲಿಯನ್ ಹಕ್ಸ್‌ಲಿ ಆಕ್ಸೊಲಾಟ್ಲ್‌ಗಳಿಗೆ ದನದ ಥೈರಾಯ್ಡ್ ತಿನ್ನಿಸಿದರು. ಅವು ನೆಲದ ಪ್ರಾಣಿಗಳಾದವು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಎಂದರೆ ಆಕ್ಸೊಲಾಟ್ಲಿನ ಮೈ ಹಾರ್ಮೋನಿನ ಮಾತು ಕೇಳುವುದನ್ನು ಮರೆತಿರಲಿಲ್ಲ, ಮಾತು ಹೊರಡುವುದೇ ನಿಂತಿತ್ತು. ಮಿದುಳಿನ ತಳದ ಪಿಟ್ಯುಟರಿ ಗ್ರಂಥಿ ಥೈರಾಯ್ಡನ್ನು ಸಾಕಷ್ಟು ಎಬ್ಬಿಸುವುದಿಲ್ಲ. ಸಂತಾನದ ಹಾರ್ಮೋನುಗಳು ಬೇರೆ ದಾರಿಯವು, ಅವು ತಮ್ಮ ಪಾಡಿಗೆ ತಾವು ಕೆಲಸ ಮುಗಿಸುತ್ತವೆ. ಹೀಗಾಗಿ ಮೈ ಮರಿಯದು, ಪ್ರಾಯ ದೊಡ್ಡವರದು.

ಇದು ದೋಷವೇ? ಮೆಕ್ಸಿಕೊ ನಗರದ ಬಳಿಯ ಕೆರೆಗಳು ಎತ್ತರದ ಬಯಲಿನವು, ವರ್ಷವಿಡೀ ಬತ್ತದವು. ನೀರಿನಲ್ಲಿ ಊಟವೂ ಇದೆ, ಆಸರೆಯೂ ಇದೆ. ಅಂಥ ಕೆರೆ ಬಿಟ್ಟು ದಡಕ್ಕೆ ಬಂದು ಗಳಿಸುವುದೇನು? ಹತ್ತಿರದ ನೆಂಟನಾದ ಹುಲಿಪಟ್ಟೆ ಸಲಮಾಂಡರ್ ಈಗಲೂ ರೂಪ ಬದಲಿಸಿ ನೆಲಕ್ಕೆ ಹೋಗುತ್ತದೆ. ಆಕ್ಸೊಲಾಟ್ಲಿನ ಪೂರ್ವಿಕರು ನೀರಿನಲ್ಲೇ ಉಳಿದರು. ಈಗ ಆ ಕೆರೆಗಳಲ್ಲಿ ಉಳಿದಿರುವುದು ಮುಖ್ಯವಾಗಿ ಸೊಚಿಮಿಲ್ಕೊ ಭಾಗದ ಕಾಲುವೆಗಳು. ಬತ್ತದ ನೀರನ್ನೇ ನಂಬಿ ನೆಲದ ದಾರಿ ಬಿಟ್ಟುಕೊಟ್ಟ ಪ್ರಾಣಿ ಇಂದು ತನ್ನ ಸಹಜ ನೆಲೆಯಲ್ಲಿ ಅಳಿವಿನ ಅಂಚಿಗೆ ಬಂದು ನಿಂತಿದೆ.

ಅಮೆರಿಕದ ಹೊಳೆಗಳ ಮಡ್‌ಪಪ್ಪಿ ಎಂಬ ಸಲಮಾಂಡರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅದಕ್ಕೆ ಹಾರ್ಮೋನು ಚುಚ್ಚಿದರೂ ನೆಲದ ರೂಪ ಬಾರದು.

ನೀರು ಬತ್ತುವ ಮುನ್ನ

ಅಮೆರಿಕದ ನೈಋತ್ಯದ ಮರುಭೂಮಿಯಲ್ಲಿ ಸ್ಪೇಡ್‌ಫುಟ್ ಎಂಬ ನೆಲಗಪ್ಪೆಗಳಿವೆ. ಹಿಂಗಾಲಿನಲ್ಲಿ ಸಲಿಕೆಯಂಥ ಅಂಚು, ಅದರಿಂದ ಮಣ್ಣು ತೋಡಿ ತಿಂಗಳುಗಟ್ಟಲೆ ಅಡಗಿರುತ್ತವೆ. ಮಳೆ ಬಂದ ರಾತ್ರಿ ಮೇಲೆದ್ದು ಗುಂಡಿಯಲ್ಲಿ ಮೊಟ್ಟೆಯಿಡುತ್ತವೆ. ಗುಂಡಿಯ ಆಯುಸ್ಸು ಬಿಸಿಲು ಬರುವ ತನಕ. ಕೌಚ್‌ನ ಸ್ಪೇಡ್‌ಫುಟ್ ಎಂಬ ಜಾತಿ ಎಂಟು ಹತ್ತು ದಿನದಲ್ಲೇ ಮೊಟ್ಟೆಯಿಂದ ಕಪ್ಪೆಯಾಗಬಲ್ಲದು.

ನೀರು ಇಳಿಯುತ್ತಿರುವುದು ಮೈಗೆ ತಿಳಿಯುವುದು ಒತ್ತಡದ ಹಾರ್ಮೋನುಗಳ ಮೂಲಕ. ಜಾಗ ಇಕ್ಕಟ್ಟಾದಂತೆ, ಊಟ ಕಡಿಮೆಯಾದಂತೆ ಗೊದಮೊಟ್ಟೆಯ ಮಿದುಳು ಒಂದು ಸಂದೇಶ ಕಳಿಸುತ್ತದೆ. ನಮ್ಮಲ್ಲಿ ಗಾಬರಿಯಾದಾಗ ಹೊರಡುವ ಸಂದೇಶವೇ ಅದು. ಕಪ್ಪೆಯಲ್ಲಿ ಅದು ಒತ್ತಡದ ಹಾರ್ಮೋನನ್ನೂ ಥೈರಾಯ್ಡನ್ನೂ ಒಟ್ಟಿಗೆ ಎಬ್ಬಿಸುತ್ತದೆ. ಅಮೆರಿಕದ ರಾಬರ್ಟ್ ಡೆನ್ವರ್ 1990ರ ದಶಕದಲ್ಲಿ ಇದನ್ನು ವಿವರವಾಗಿ ತೋರಿಸಿಕೊಟ್ಟರು.

ಸ್ಪೇಡ್‌ಫುಟ್‌ಗಳಿಗೆ ದೂರದ ನೆಂಟರಾದ ಯುರೋಪಿನ ಕಪ್ಪೆಗಳು ತುಂಬಿದ ಕೊಳದಲ್ಲಿ ನಿಧಾನಿಸುತ್ತವೆ, ನೀರು ಇಳಿದರೆ ಮಾತ್ರ ಚುರುಕಾಗುತ್ತವೆ. ಕೌಚ್‌ನ ಸ್ಪೇಡ್‌ಫುಟ್ ನೀರಿದ್ದರೂ ಇಲ್ಲದಿದ್ದರೂ ಓಟದಲ್ಲೇ ಇರುತ್ತದೆ. ಅದರ ಮೈಯಲ್ಲಿ ಥೈರಾಯ್ಡ್ ಹಾರ್ಮೋನಿನ ಮಟ್ಟವೂ ಹೆಚ್ಚು. ಒಂದು ಕಾಲಕ್ಕೆ ತುರ್ತಿಗೆಂದು ಇದ್ದ ಏರ್ಪಾಡು ಸಾವಿರಾರು ತಲೆಮಾರುಗಳಲ್ಲಿ ಹುಟ್ಟುಗುಣವಾಗಿ ಕೂತುಬಿಟ್ಟಿದೆ. ಇದಕ್ಕೆ ತೆತ್ತ ಬೆಲೆಯೂ ಕಣ್ಣಿಗೆ ಕಾಣುತ್ತದೆ: ಅವಸರದಲ್ಲಿ ಆದ ಕಪ್ಪೆ ಸಣ್ಣದು, ಅದರ ಹಿಂಗಾಲೂ ಗಿಡ್ಡ. ಯಾರೂ ಗಿಡ್ಡ ಕಾಲನ್ನು ಆರಿಸಿದ್ದಲ್ಲ, ವೇಗವನ್ನು ಆರಿಸಿದಾಗ ಅದು ಜೊತೆಗೇ ಬಂತು. ಒಂದೇ ಹಾರ್ಮೋನು ಹಲವು ಅಂಗಗಳನ್ನು ಹಿಡಿದಿರುವುದರಿಂದ ಒಂದನ್ನು ಎಳೆದರೆ ಇನ್ನೊಂದು ಬಾರದೆ ಇರುವುದಿಲ್ಲ.

ಮೊಟ್ಟೆಯೊಳಗೇ ಮುಗಿಯುವ ಬಾಲ್ಯ

ಮತ್ತೆ ಕಾಫಿ ತೋಟದ ಟಿಕ್ ಟಿಕ್ ಕಪ್ಪೆಗೆ ಬರೋಣ. ಇದು ರಾವೋರ್ಕೆಸ್ಟಿಸ್ ಎಂಬ ಕುಲದ್ದು. ಪಶ್ಚಿಮಘಟ್ಟದಲ್ಲೇ ಇದರ 60ಕ್ಕೂ ಹೆಚ್ಚು ಜಾತಿಗಳಿವೆ. ತಮಿಳುನಾಡಿನ ಕಳಕ್ಕಾಡು ಮುಂಡಂತುರೈ ಕಾಡಿನಲ್ಲಿ ಇದರ ಒಂದು ಜಾತಿ ಓಟೆಯ ಟೊಳ್ಳಿನೊಳಗೆ ಮೊಟ್ಟೆಯಿಡುತ್ತದೆ. ಸಣ್ಣ ಸೀಳಿನಲ್ಲಿ ನುಸುಳಿ ಒಳಹೋಗುವ ಗಂಡು ಮೊಟ್ಟೆಗಳ ಬಳಿಯೇ ಕಾವಲಿರುತ್ತದೆ. ಕೆ.ಎಸ್. ಶೇಷಾದ್ರಿ ಮತ್ತು ಸಂಗಡಿಗರು ಇದನ್ನು ಅಧ್ಯಯನ ಮಾಡಿದ್ದಾರೆ.

ಗೊದಮೊಟ್ಟೆಯ ಹಂತ ಬಿಟ್ಟ ಕಪ್ಪೆಗೆ ಥೈರಾಯ್ಡ್ ಹಾರ್ಮೋನು ಬೇಡವೇ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪದ ಕೊಕಿ ಎಂಬ ಕಪ್ಪೆಯಲ್ಲಿ. ಅದೂ ನೆಲದ ಮೇಲೆ ಮೊಟ್ಟೆಯಿಟ್ಟು ನೇರ ಮರಿಗಪ್ಪೆ ಮಾಡುತ್ತದೆ. ನಮ್ಮ ಘಟ್ಟದ ಕಪ್ಪೆಗೂ ಅದಕ್ಕೂ ಹತ್ತಿರದ ನೆಂಟಸ್ತಿಕೆ ಇಲ್ಲ, ಎರಡೂ ಬೇರೆ ಬೇರೆಯಾಗಿ ಈ ದಾರಿ ಹಿಡಿದವು. 2000ದಲ್ಲಿ ಕ್ಯಾಲರಿ ಮತ್ತು ಎಲಿನ್ಸನ್ ಎಂಬ ವಿಜ್ಞಾನಿಗಳು ಕೊಕಿಯ ಮೊಟ್ಟೆಯೊಳಗಿನ ಭ್ರೂಣಕ್ಕೆ ಥೈರಾಯ್ಡ್ ಹಾರ್ಮೋನು ತಯಾರಾಗದಂತೆ ಮಾಡಿದರು. ಬೆಳವಣಿಗೆ ನಡುವೆಯೇ ನಿಂತಿತು. ಹೊರಗಿನಿಂದ ಹಾರ್ಮೋನು ಕೊಟ್ಟರು. ಮುಂದುವರಿಯಿತು.

ಗೊದಮೊಟ್ಟೆಯ ಕಾಲ ಪೂರ್ತಿ ಅಳಿದಿಲ್ಲ, ಮೊಟ್ಟೆಯ ಪೊರೆಯೊಳಗೆ ಮಡಚಿಕೊಂಡಿದೆ. ಕೊಕಿಯ ಭ್ರೂಣಕ್ಕೆ ಬಾಲವೂ ಇರುತ್ತದೆ. ರಕ್ತನಾಳ ತುಂಬಿದ ತೆಳ್ಳನೆಯ ಹಾಳೆಯಾಗಿ ಹರಡಿ ಮೊಟ್ಟೆಯೊಳಗೆ ಉಸಿರಾಡಲು ನೆರವಾಗಿ, ಮರಿ ಹೊರಬರುವ ಹೊತ್ತಿಗೆ ಕರಗಿಹೋಗುತ್ತದೆ. ನಿಂತ ನೀರಿನ ಹಂಗು ತಪ್ಪಿದ್ದರಿಂದಲೇ ಈ ಪುಟ್ಟ ಕಪ್ಪೆಗಳು ಗುಡ್ಡದ ನೆತ್ತಿಯ ತನಕ, ಹಳ್ಳವೇ ಇಲ್ಲದ ಇಳಿಜಾರುಗಳ ತನಕ ಹಬ್ಬಲು ಸಾಧ್ಯವಾಯಿತು. ನೀರಿನ ಬದಲಿಗೆ ಈಗ ಅವು ನಂಬಿರುವುದು ತರಗೆಲೆಯ ತೇವವನ್ನು, ಗಾಳಿಯ ತಂಪನ್ನು.

ಕಪ್ಪೆಯಾಚೆ

ಮಂಗಳೂರು, ಮಲ್ಪೆಯ ಮೀನು ಮಾರುಕಟ್ಟೆಯಲ್ಲಿ ನಂಗ್ ಮೀನು ನೋಡಿದವರಿಗೆ ಗೊತ್ತು, ಅದರ ಎರಡೂ ಕಣ್ಣು ಒಂದೇ ಮಗ್ಗುಲಲ್ಲಿರುತ್ತವೆ. ಹುಟ್ಟುವಾಗ ಹಾಗಿರುವುದಿಲ್ಲ, ಎಲ್ಲ ಮೀನಿನಂತೆ ಕಣ್ಣು ಆಚೆಗೊಂದು ಈಚೆಗೊಂದು. ಬೆಳೆಯುತ್ತ ಒಂದು ಕಣ್ಣು ತಲೆಯ ಮೇಲಿಂದ ಇನ್ನೊಂದು ಬದಿಗೆ ದಾಟುತ್ತದೆ, ಮೀನು ಮರಳ ಮೇಲೆ ಮಗ್ಗುಲಾಗಿ ಮಲಗುತ್ತದೆ. ಇಂಥದೇ ಚಪ್ಪಟೆ ಮೀನುಗಳಲ್ಲಿ ಈ ಬದಲಾವಣೆಯನ್ನು ನಡೆಸುವುದು ಥೈರಾಯ್ಡ್ ಹಾರ್ಮೋನೇ ಎಂದು ಜಪಾನಿನ ವಿಜ್ಞಾನಿಗಳು 1980ರ ದಶಕದಲ್ಲಿ ತೋರಿಸಿದರು.

ಇನ್ನೂ ಹಿಂದಕ್ಕೆ, ಬೆನ್ನುಮೂಳೆಯೇ ಇಲ್ಲದ ನಮ್ಮ ದೂರದ ಬಂಧು ಆಂಫಿಯಾಕ್ಸಸ್ ಕೂಡ ಇದೇ ಬಗೆಯ ಹಾರ್ಮೋನಿನಿಂದ ಮರಿತನ ಕಳೆದುಕೊಳ್ಳುತ್ತದೆ. ಲ್ಯಾಂಪ್ರೆ ಎಂಬ ದವಡೆಯಿಲ್ಲದ ಮೀನಿನಲ್ಲಿ ಮಾತ್ರ ಎಲ್ಲ ತಲೆಕೆಳಗು. ಅಲ್ಲಿ ಹಾರ್ಮೋನು ಇಳಿದಾಗ ರೂಪ ಬದಲಾಗುತ್ತದೆ. ಸುದ್ದಿ ಅದೇ ಆದರೂ ಅದಕ್ಕೆ ಕೊಡುವ ಅರ್ಥವನ್ನು ಒಂದು ವಂಶ ತಿರುಗಿಸಿಕೊಂಡಿದೆ.

ಬೇರೆ ಹಾರ್ಮೋನುಗಳದೂ ಇದೇ ಕಥೆ. ತಾಯಂದಿರಲ್ಲಿ ಹಾಲು ತರಿಸುವ ಪ್ರೊಲ್ಯಾಕ್ಟಿನ್ ಹಾಲೇ ಇಲ್ಲದ ಮೀನಿನಲ್ಲೂ ಇದೆ. ಅಲ್ಲಿ ಅದರ ಕೆಲಸ ಸಿಹಿನೀರಿನಲ್ಲಿ ಮೈಯ ಉಪ್ಪು ಸೋರದಂತೆ ಕಾಯುವುದು. ಪಾರಿವಾಳದಲ್ಲಿ ಗಂಡಿನ ಗಂಟಲ ಚೀಲದಲ್ಲೂ ಮರಿಗೆ ಉಣಿಸುವ ಗಟ್ಟಿ ಹಾಲು ಬರಿಸುವುದು ಅದೇ.

ಮನುಷ್ಯನ ಕೂಸಿನ ಮಾತೂ ಇಲ್ಲಿ ಬರಬೇಕು. ಒಂಬತ್ತು ತಿಂಗಳು ನೀರಿನಲ್ಲಿದ್ದ ಕೂಸು ಗಾಳಿಗೆ ಬಂದ ಮೊದಲ ಗಂಟೆಯೊಳಗೇ ಥೈರಾಯ್ಡನ್ನು ಎಬ್ಬಿಸುವ ಹಾರ್ಮೋನು ಜೋರಾಗಿ ಏರುತ್ತದೆ. ಬಾಣಂತಿ ಕೋಣೆಯಲ್ಲಿ ಯಾರಿಗೂ ಗೊದಮೊಟ್ಟೆಯ ನೆನಪಾಗುವುದಿಲ್ಲ, ನಿಜ. ಆದರೆ ನೀರಿನಿಂದ ಗಾಳಿಗೆ ದಾಟುವ ಆ ಹೊತ್ತಿನಲ್ಲಿ ಮೈಯೊಳಗೆ ಏಳುವುದು ಅದೇ ಹಳೆಯ ಸದ್ದು.

ಕೋಳಿಗೂಡಿನಲ್ಲಿ

ಇದೆಲ್ಲ ಲಕ್ಷಾಂತರ ವರ್ಷಗಳ ಮಾತೆಂದು ದೂರ ಇಡುವಂತಿಲ್ಲ. ಮನೆಕೋಳಿಯ ಮೂಲವಾದ ಕೆಂಪು ಕಾಡುಕೋಳಿ ವರ್ಷದಲ್ಲಿ ಒಂದು ಕಾಲಕ್ಕೆ ಮಾತ್ರ ಮೊಟ್ಟೆಯಿಡುತ್ತದೆ. ಹಗಲು ಉದ್ದವಾಗುವುದನ್ನು ಹಕ್ಕಿಯ ಮಿದುಳು ಗಮನಿಸಿ, ಅಲ್ಲೇ ಥೈರಾಯ್ಡ್ ಹಾರ್ಮೋನನ್ನು ಚುರುಕುಗೊಳಿಸಿ ಗೂಡು ಕಟ್ಟುವ ಕಾಲ ಬಂತೆಂದು ಸಾರುತ್ತದೆ. 2010ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ತಂಡ ಸಾಕುಕೋಳಿಗಳ ಡಿಎನ್‌ಎ ಓದಿದಾಗ, ಈ ಸಾರುವಿಕೆಯನ್ನು ಕೇಳುವ ಒಂದು ಗ್ರಾಹಕದ ಜೀನ್ ಬಹುತೇಕ ಎಲ್ಲ ಸಾಕುಕೋಳಿಗಳಲ್ಲೂ ಬದಲಾಗಿರುವುದು ಕಂಡಿತು. ಹಳೆಯ ಕೋಳಿಮೂಳೆಗಳ ಡಿಎನ್‌ಎ ಹೇಳುವಂತೆ ಯುರೋಪಿನಲ್ಲಿ ಈ ಬದಲಾವಣೆ ಬೇಗ ಬೇಗ ಹರಡಿದ್ದು ಹೆಚ್ಚುಕಡಿಮೆ ಕಳೆದ 1,000 ವರ್ಷಗಳಲ್ಲಿ. ಋತುವಿಗೆ ಕಾಯದ ಕೋಳಿಯನ್ನು ಮನುಷ್ಯ ಉಳಿಸಿಕೊಳ್ಳುತ್ತ ಹೋದ, ಅದರ ಕಿವಿ ಬದಲಾಗುತ್ತ ಹೋಯಿತು.

ನೀರಿಗೆ ಬಿದ್ದ ಸುಳ್ಳು ಸುದ್ದಿ

ಥೈರಾಯ್ಡ್ ಹಾರ್ಮೋನು ಕಟ್ಟಲು ಅಯೋಡಿನ್ ಬೇಕೇ ಬೇಕು, ಅದು ಸಾಲದಾದರೆ ಗ್ರಂಥಿ ಊದಿಕೊಂಡು ಗಳಗಂಡವಾಗುತ್ತದೆ. ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ 1950ರ ದಶಕದಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಉಪ್ಪಿಗೆ ಅಯೋಡಿನ್ ಬೆರೆಸಿ ಗಳಗಂಡ ತಗ್ಗಿಸಿ ತೋರಿಸಿದರು. ಇಂದು ನಮ್ಮ ಅಡುಗೆಮನೆಯ ಉಪ್ಪಿನ ಪೊಟ್ಟಣದ ಮೇಲಿರುವ ಅಯೋಡಿನ್ ಎಂಬ ಮಾತಿಗೆ ಅಲ್ಲಿಯ ಕೆಲಸದ ಋಣವಿದೆ. ನಮಗಾದರೆ ಉಪ್ಪಿನ ಪೊಟ್ಟಣವಿದೆ. ಗುಂಡಿಯ ಗೊದಮೊಟ್ಟೆಗೆ ತನ್ನ ನೀರಿನಲ್ಲಿ ಇದ್ದಷ್ಟೇ ಗತಿ.

ಆ ನೀರಿಗೆ ಈಗ ಹಲವು ಹೊಸ ರಾಸಾಯನಿಕಗಳು ಬರುತ್ತಿವೆ. ಪಟಾಕಿಯಲ್ಲೂ ರಾಕೆಟ್ ಇಂಧನದಲ್ಲೂ ಇರುವ ಪರ್‌ಕ್ಲೋರೇಟ್ ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಹೋಗದಂತೆ ತಡೆಯುತ್ತದೆ. ಅಂಥ ನೀರಿನಲ್ಲಿ ಬೆಳೆದ ಗೊದಮೊಟ್ಟೆಗಳು ರೂಪ ಬದಲಿಸಲು ತಡವರಿಸುವುದು ಪ್ರಯೋಗಗಳಲ್ಲಿ ಕಂಡಿದೆ. ಬೆಂಕಿ ಹತ್ತದಿರಲೆಂದು ಬಟ್ಟೆ, ಪೀಠೋಪಕರಣಕ್ಕೆ ಬೆರೆಸುತ್ತ ಬಂದ ಕೆಲವು ರಾಸಾಯನಿಕಗಳ ಅಣು ಥೈರಾಯ್ಡ್ ಹಾರ್ಮೋನನ್ನೇ ಹೋಲುತ್ತದೆ. ಕೋಟಿ ಕೋಟಿ ವರ್ಷ ಬದಲಾಗದೆ ಬಂದ ಅಣು ಎಂಬುದೇ ಇಲ್ಲಿ ಅಪಾಯ. ಒಂದು ನಕಲಿ ಅಣು ಮೀನಿನ, ಕಪ್ಪೆಯ, ಹಕ್ಕಿಯ, ನಮ್ಮ ಮೈಯ ಗ್ರಾಹಕಗಳಿಗೆಲ್ಲ ಒಟ್ಟಿಗೇ ಸುಳ್ಳು ಹೇಳಬಲ್ಲದು.

ಅದಕ್ಕೇ ಹೊಸ ರಾಸಾಯನಿಕಗಳನ್ನು ಪರೀಕ್ಷಿಸಲು ವಿಜ್ಞಾನಿಗಳು ಮತ್ತೆ ಗೊದಮೊಟ್ಟೆಯ ಬಳಿಗೇ ಬಂದಿದ್ದಾರೆ. ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2009ರಲ್ಲಿ ಒಪ್ಪಿದ ವಿಧಾನದಲ್ಲಿ ಗೊದಮೊಟ್ಟೆಗಳನ್ನು 21 ದಿನ ಆ ರಾಸಾಯನಿಕ ಬೆರೆತ ನೀರಿನಲ್ಲಿಟ್ಟು ಹಿಂಗಾಲಿನ ಉದ್ದ ಅಳೆಯುತ್ತಾರೆ, ಥೈರಾಯ್ಡ್ ಗ್ರಂಥಿಯನ್ನು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಬಾಟಲಿ ಹಿಡಿದ ಹುಡುಗಿ ಬೆಳಗ್ಗೆ ಎದ್ದು ನೋಡಿದ್ದೂ ಆ ಹಿಂಗಾಲನ್ನೇ. ಪರೀಕ್ಷೆಗೆ ಬಳಸುವುದು ಜೀವಮಾನವಿಡೀ ನೀರಿನಲ್ಲೇ ಇರುವ ಆಫ್ರಿಕಾದ ಕಪ್ಪೆಯ ಮರಿಗಳನ್ನು. ತರಗೆಲೆಯ ತೇವದಲ್ಲಿ, ಮೊಟ್ಟೆಯ ಪೊರೆಯೊಳಗೇ ಬಾಲ ಕರಗಿಸಿಕೊಳ್ಳುವ ಮರಿ ಆ ತೊಟ್ಟಿಗೆ ಇಳಿಯುವುದೇ ಇಲ್ಲ.